ಗಿಡ ಲಾರಿ ಹತ್ತಿತು, ಪಂಚಾಂಗ ಊರಲ್ಲೇ ಉಳಿಯಿತು

ಮೇ ತಿಂಗಳ ಕೊನೆಗೆ ರಾಜ್ಯದ ಹೆದ್ದಾರಿಗಳಲ್ಲಿ ಮನೆಸಾಮಾನು ತುಂಬಿದ ಲಾರಿಗಳು ಹೆಚ್ಚು. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ, ಶಾಲೆ ಇನ್ನೂ ತೆರೆದಿರುವುದಿಲ್ಲ, ವರ್ಗಾವಣೆಯ ಆದೇಶ ಕೈ ಸೇರಿರುತ್ತದೆ. ಬೀರು, ಮಂಚ, ವಾಷಿಂಗ್ ಮಷಿನ್ ಎಲ್ಲ ಒಳಸೇರಿದ ಮೇಲೆ ಹಿಂಬದಿಯಲ್ಲಿ ಉಳಿದ ಜಾಗ ಕುಂಡಗಳಿಗೆ. ‘ಗಿಡಕ್ಕೆ ನಾವು ಜವಾಬ್ದಾರಿ ಅಲ್ಲ ಸಾರ್’ ಎಂದು ಲಾರಿಯವರು ಮೊದಲೇ ಹೇಳಿಬಿಟ್ಟಿರುತ್ತಾರೆ. ಆದರೂ ಬಹುಪಾಲು ಗಿಡಗಳು ಹೊಸ ಊರನ್ನು ಜೀವಂತವಾಗಿಯೇ ತಲುಪುತ್ತವೆ. ನಾಲ್ಕು ಎಲೆ ಉದುರಿರುತ್ತದೆ, ಒಂದು ಕೊಂಬೆ ಮುರಿದಿರುತ್ತದೆ, ಅಷ್ಟೆ. ತೊಂದರೆ ಶುರುವಾಗುವುದು ಆಮೇಲೆ.

ಕರಾವಳಿಯಿಂದ ವಿಜಯಪುರಕ್ಕೆ ಬಂದವರು ಮಳೆಗಾಲ ಬಂತೆಂದು ಜೂನ್‌ನಲ್ಲಿ ನೀರು ಹಾಕುವುದನ್ನು ನಿಲ್ಲಿಸುತ್ತಾರೆ. ಬಯಲುಸೀಮೆಯಿಂದ ಉಡುಪಿಗೆ ಹೋದವರು ಅದೇ ಜೂನ್‌ನಲ್ಲಿ ಗುಲಾಬಿಯ ಬುಡಕ್ಕೆ ಪಾತಿ ಕಟ್ಟುತ್ತಾರೆ. ಮೊದಲನೆಯವರ ಗಿಡ ಒಣಗುತ್ತದೆ, ಎರಡನೆಯವರದು ಕೊಳೆಯುತ್ತದೆ. ಇಬ್ಬರೂ ಅನುಭವಸ್ಥರೇ. ಗಿಡ ಹೊಸ ಊರಿಗೆ ಬಂದಿದೆ, ನೋಡಿಕೊಳ್ಳುವವರ ಲೆಕ್ಕಾಚಾರ ಮಾತ್ರ ಹಳೆಯ ಊರಿನದೇ. ಯಾವ ವಾರ ಬಿತ್ತಬೇಕು, ಯಾವ ತಿಂಗಳು ಸವರಬೇಕು, ಯಾವಾಗ ಕೈಕಟ್ಟಿ ಕೂರಬೇಕು ಎಂಬ ಪಂಚಾಂಗ ಊರಿನ ಸೊತ್ತು. ಅದು ಕುಂಡದಂತೆ ಲಾರಿ ಹತ್ತುವುದಿಲ್ಲ. ಊರು ಬದಲಾಯಿಸಿದ ತೋಟಗಾರರು ಹೊಸದಾಗಿ ಕಲಿಯಬೇಕಾದದ್ದರಲ್ಲಿ ಹೆಚ್ಚು ಪಾಲು ಇದೇ.

ಒಂದು ರಾಜ್ಯ, ಮೂರು ಮಳೆ

ಹವೆ ಬದಲಾಗಲು ದೇಶ ಬಿಡಬೇಕಿಲ್ಲ, ಒಂದು ರಾತ್ರಿಯ ಬಸ್ಸು ಸಾಕು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಘಟ್ಟದ ನೆತ್ತಿಯ ಆಗುಂಬೆಯಲ್ಲಿ ಏಳು ಸಾವಿರ ದಾಟುತ್ತದೆ. ಬೆಂಗಳೂರಿನ ಸರಾಸರಿ ಸಾವಿರಕ್ಕೆ ತುಸು ಕಡಿಮೆ. ಆದರೆ ಅದು ಮೇ ತಿಂಗಳ ಗುಡುಗಿನ ಮಳೆಯಿಂದ ಶುರುವಾಗಿ ಅಕ್ಟೋಬರ್‌ ದಾಟುವವರೆಗೆ ಹರಡಿಕೊಂಡು, ಸೆಪ್ಟೆಂಬರ್ ಸುಮಾರಿಗೆ ಜೋರಾಗುತ್ತದೆ. ವಿಜಯಪುರ, ರಾಯಚೂರಿನ ಕಡೆ ಆರುನೂರರ ಆಸುಪಾಸು, ಅದೂ ಬಂದರೆ.

ಕರಾವಳಿಯ ಹಿತ್ತಿಲಿಗೆ ಈ ಲೆಕ್ಕದಿಂದಾಗಿಯೇ ಎರಡು ಮುಖ. ಮಳೆಗಾಲದ ತರಕಾರಿ ಬೇರೆ, ಬೇಸಿಗೆಯ ತರಕಾರಿ ಬೇರೆ. ಮೇ ಕೊನೆಯ ಹೊತ್ತಿಗೆ ಪತ್ತನಾಜೆ ಬಂದು ಕೋಲ, ಯಕ್ಷಗಾನ ಮೇಳಗಳ ತಿರುಗಾಟ ನಿಂತಿತೆಂದರೆ ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆಗಳಿಗೆ ಮಡಿ ಸಿದ್ಧವಾಗಿರಬೇಕು. ಜಡಿಮಳೆ ಹಿಡಿಯುವ ಮೊದಲು ಬಳ್ಳಿ ಮೇಲೆದ್ದು ಚಪ್ಪರ ಮುಟ್ಟಿದ್ದರೆ ಗೆದ್ದಂತೆ. ತಡವಾಗಿ ಬಿತ್ತಿದ ಬೀಜ ಮಳೆಯ ಹೊಡೆತಕ್ಕೆ ಮಣ್ಣಿನಿಂದ ಎದ್ದು ಹರಿದುಹೋಗುತ್ತದೆ, ಇಲ್ಲವೆ ಮೊಳಕೆಯಲ್ಲೇ ಕೊಳೆಯುತ್ತದೆ. ಮಂಗಳೂರು ಸೌತೆ, ಅಲಸಂಡೆ, ಹರಿವೆಗಳ ಕಾಲ ಬರುವುದು ಗದ್ದೆಯ ಕೊಯ್ಲು ಮುಗಿದು ನೆಲ ಬಿಸಿಲು ಕಂಡ ಮೇಲೆ.

ಇದೇ ಮೇ ಕೊನೆಯ ವಾರ ಘಟ್ಟದ ಮೇಲೆ, ಉತ್ತರ ಕರ್ನಾಟಕದಲ್ಲಿ ರೋಹಿಣಿ ಮಳೆಯ ಕಾಲ. ‘ರೋಹಿಣಿ ಮಳೆಗೆ ಓಣಿ ತುಂಬ ಜೋಳ’ ಎಂಬ ಗಾದೆ ಹುಟ್ಟಿದ ಸೀಮೆ ಅದು. ಆಕಾಶದಲ್ಲಿ ಸೂರ್ಯ ಅದೇ ನಕ್ಷತ್ರದಲ್ಲಿರುತ್ತಾನೆ, ತಾರೀಖೂ ಹೆಚ್ಚುಕಡಿಮೆ ಒಂದೇ. ಕರಾವಳಿಯವರು ಅಂದು ನೀರನ್ನು ಹೊರಗೆ ಹಾಯಿಸುವ ಚಿಂತೆಯಲ್ಲಿದ್ದರೆ ಬಯಲುಸೀಮೆಯವರು ಬಿದ್ದ ಹನಿಯನ್ನು ನೆಲಕ್ಕೆ ಇಂಗಿಸುವ ಚಿಂತೆಯಲ್ಲಿರುತ್ತಾರೆ. ಅದಕ್ಕೇ ತುಳುನಾಡಿನ, ಮಲೆನಾಡಿನ ಹಿತ್ತಿಲಲ್ಲಿ ಏರುಮಡಿ, ಬಯಲುಸೀಮೆಯ ಹಿತ್ತಿಲಲ್ಲಿ ತಗ್ಗುಪಾತಿ. ಕುಂಡದ ಕೆಳಗಿನ ತಟ್ಟೆಯಂಥ ಸಣ್ಣ ವಸ್ತುವೂ ಒಂದೂರಲ್ಲಿ ಗಿಡ ಉಳಿಸುತ್ತದೆ, ಇನ್ನೊಂದೂರಲ್ಲಿ ಕೊಲ್ಲುತ್ತದೆ.

ಒಂದೇ ಗಿಡವನ್ನು ಹಿಂಬಾಲಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಹೆಂಗಸರು ಜೀವದಂತೆ ಕಾಪಾಡುವ ಡೇರೆ ಹೂವನ್ನೇ ನೋಡಿ. ಅದರ ತವರು ಮೆಕ್ಸಿಕೋದ ಎತ್ತರದ ನಾಡು. 1791ರಲ್ಲಿ ಮ್ಯಾಡ್ರಿಡ್‌ನ ಸಸ್ಯವಿಜ್ಞಾನಿ ಕವನಿಯೆಸ್ ಅದಕ್ಕೆ ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ಹೆಸರಿಟ್ಟರು. ಸಾಗರ, ಸಿರ್ಸಿಯ ಕಡೆ ಡೇರೆ ಮಳೆಗಾಲದ ಹೂವು. ಬೇಸಿಗೆಯಿಡೀ ಒಣಮಣ್ಣಲ್ಲಿ ಮಲಗಿದ್ದ ಗೆಡ್ಡೆ ಮಳೆ ಬೀಳುತ್ತಿದ್ದಂತೆ ಚಿಗುರುತ್ತದೆ. ಎತ್ತರಿಸಿದ ಮಡಿಗೆ ನೆಟ್ಟು, ಕೋಲು ಕೊಟ್ಟು ಕಟ್ಟಿದರೆ ಶ್ರಾವಣ, ಭಾದ್ರಪದಕ್ಕೆ ಅಂಗಳ ತುಂಬುತ್ತದೆ. ಬೆಂಗಳೂರಿನ ಉದ್ಯಾನಗಳಲ್ಲಿ ಇದನ್ನು ಚಳಿಗಾಲದ ಹೂವಾಗಿ ಬೆಳೆಸಿ ಜನವರಿಯ ಪ್ರದರ್ಶನಕ್ಕೆ ಅಣಿಗೊಳಿಸುತ್ತಾರೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮೇ ತಿಂಗಳಲ್ಲಿ ನೆಟ್ಟರೆ ಜುಲೈ ಕೊನೆಯಿಂದ ಹೂ. ಅಕ್ಟೋಬರ್‌ನ ಹಿಮಕ್ಕೆ ಗಿಡ ಕಪ್ಪಾದೊಡನೆ ಗೆಡ್ಡೆ ಅಗೆದು, ಹೆಪ್ಪುಗಟ್ಟದ ಜಾಗದಲ್ಲಿ ಎತ್ತಿಡಬೇಕು. ಗೆಡ್ಡೆಯ ಸ್ವಭಾವ ಎಲ್ಲೂ ಬದಲಾಗಲಿಲ್ಲ. ಬೆಳೆಯಲು ತಂಪು ಹವೆ, ನಿದ್ದೆಗೆ ಒಣ ಜಾಗ, ಇಷ್ಟೇ ಅದರ ಬೇಡಿಕೆ. ಆ ತಂಪು ಯಾವ ತಿಂಗಳಲ್ಲಿ ಸಿಗುತ್ತದೆ ಎಂಬುದನ್ನು ಒಂದೊಂದು ಊರೂ ಒಂದೊಂದು ಬಗೆಯಲ್ಲಿ ಹೇಳುತ್ತದೆ.

ಮಣ್ಣಿನ ಹಟ

ಮಳೆ ಬರುವವರೆಗೆ ಕಾಯಬಹುದು, ಮಣ್ಣಿನ ಜೊತೆ ಮೊದಲ ದಿನದಿಂದಲೇ ವ್ಯವಹಾರ. ಕರಾವಳಿಯ ಮುರಕಲ್ಲಿನ ಮಣ್ಣು ಸಾವಿರಾರು ಮಳೆಗಾಲಗಳಲ್ಲಿ ಸುಣ್ಣದಂಶ ತೊಳೆದುಹೋಗಿ ಹುಳಿಯಾಗಿರುತ್ತದೆ. ವಿಜಯಪುರ, ಗದಗ, ಬಳ್ಳಾರಿಯ ಎರೆಮಣ್ಣು ಇದಕ್ಕೆ ಪೂರ್ತಿ ವಿರುದ್ಧ. ಸುಣ್ಣ ತುಂಬಿದ ಕ್ಷಾರದ ಮಣ್ಣು ಅದು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಎಳೆ ಬೇರು ಹರಿಯುತ್ತದೆ.

ಕರಾವಳಿಯ ಗುಡ್ಡಗಳಲ್ಲಿ ಯಾರೂ ಕೇಳದೆ ಬೆಳೆಯುವ ಕೇಪಳವನ್ನು ಎರೆಮಣ್ಣಿಗೆ ನೆಟ್ಟವರು ಒಂದು ವಿಚಿತ್ರ ಕಾಣುತ್ತಾರೆ. ಹೊಸ ಎಲೆ ಹಳದಿಯಾಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಗೊಬ್ಬರ ಸಾಲದೆಂದು ಗೊಬ್ಬರ ಹಾಕುತ್ತಾರೆ, ನೀರು ಸಾಲದೆಂದು ನೀರು ಹಾಕುತ್ತಾರೆ, ಹಳದಿ ಹೋಗುವುದಿಲ್ಲ. ಕಾರಣ ಕಬ್ಬಿಣದ ಕೊರತೆ. ಎರೆಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ. ಆದರೆ ಕ್ಷಾರದ ಮಣ್ಣಲ್ಲಿ ಅದು ಬೇರು ಹೀರಲಾಗದ ರೂಪಕ್ಕೆ ತಿರುಗಿಬಿಡುತ್ತದೆ. ಇದನ್ನು ಬಣ್ಣದಲ್ಲೇ ತೋರಿಸುವ ಗಿಡ ಹೈಡ್ರೇಂಜಿಯಾ. ಮಡಿಕೇರಿಯ ಮನೆಯಂಗಳದಲ್ಲಿ ನೀಲಿ ಗೊಂಚಲು ಬಿಡುತ್ತಿದ್ದ ಅದೇ ಗಿಡ ಸುಣ್ಣದ ಮಣ್ಣಿಗೆ ಬಂದರೆ ಗುಲಾಬಿ ಬಣ್ಣಕ್ಕೆ ಹೊರಳುತ್ತದೆ. ಹುಳಿಮಣ್ಣಲ್ಲಿ ಸುಲಭವಾಗಿ ಸಿಗುವ ಅಲ್ಯೂಮಿನಿಯಂ ಸುಣ್ಣದ ಮಣ್ಣಲ್ಲಿ ಸಿಗದಿರುವುದೇ ಇದಕ್ಕೆ ಕಾರಣ.

ಬೆಳೆಸಲೇಬೇಕೆಂದರೆ ದಾರಿ ಇದೆ. ಎರೆಯ ನೆಲ ಬಿಟ್ಟು ದೊಡ್ಡ ಕುಂಡಕ್ಕೆ ಹೋಗುವುದು, ಟ್ರ್ಯಾಕ್ಟರಿನಲ್ಲಿ ಮಸಾರಿ ಮಣ್ಣು ತರಿಸಿ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸುವುದು, ಕೊಳವೆಬಾವಿಯ ಗಡಸು ನೀರಿನ ಬದಲು ಆದಷ್ಟು ಮಳೆನೀರು ಕೊಡುವುದು. ಹತ್ತು ಗಿಡಕ್ಕೆ ಇಷ್ಟು ಮಾಡಬಹುದು, ಇಡೀ ಅಂಗಳಕ್ಕೆ ಮಾಡಲಾಗದು. ಉಳಿದ ಅಂಗಳವನ್ನು ಆ ಮಣ್ಣು ಯಾವುದನ್ನು ಸಾಕಿ ಬಲ್ಲದೋ ಅದಕ್ಕೆ ಬಿಟ್ಟುಕೊಡುವುದು ಮೇಲು. ಇಂಡಿ ತಾಲ್ಲೂಕಿನ ನಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ಬಂದದ್ದು ಈ ಬಿಸಿಲು ಸೀಮೆಯಲ್ಲೇ. ದಾಳಿಂಬೆಗೆ ಇಲ್ಲಿನ ಒಣಹವೆ ಇಷ್ಟ, ಕರಾವಳಿಯ ತೇವದಲ್ಲಿ ಅದಕ್ಕೆ ರೋಗ ತಪ್ಪಿದ್ದಲ್ಲ. ಕಾಗದದ ಹೂವಂತೂ ನೀರು ಕಡಿಮೆಯಾದಷ್ಟೂ ಹೂವಿನಿಂದ ಮುಚ್ಚಿಹೋಗುತ್ತದೆ.

ಹವೆಗೆ ತಕ್ಕಂತೆ ಪಂಚಾಂಗವನ್ನೇ ಹೊಸದಾಗಿ ಬರೆದ ಬೆಳೆಯೂ ಇದೇ ಸೀಮೆಯಲ್ಲಿದೆ. ಚಳಿ ದೇಶಗಳಲ್ಲಿ ದ್ರಾಕ್ಷಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ. ಮಲಗಿದ್ದಾಗ ವರ್ಷಕ್ಕೊಮ್ಮೆ ಸವರಿದರೆ ವಸಂತದಲ್ಲಿ ಚಿಗುರಿ ಹಣ್ಣು ಕೊಡುತ್ತದೆ. ವಿಜಯಪುರದಲ್ಲಿ ಬಳ್ಳಿ ಮಲಗುವಂಥ ಚಳಿಯೇ ಇಲ್ಲ. ಹಾಗಾಗಿ ಬೆಳೆಗಾರರು ಕತ್ತರಿಯಿಂದಲೇ ಎರಡು ಋತು ಮಾಡಿಕೊಂಡರು. ಏಪ್ರಿಲ್ ಚಾಟ್ನಿಗೆ, ಎಂದರೆ ಸವರುವಿಕೆಗೆ, ಬಳ್ಳಿಯನ್ನು ಬೋಳು ಮಾಡಿ ಹೊಸ ಕಡ್ಡಿ ಬೆಳೆಸುತ್ತಾರೆ, ಅಕ್ಟೋಬರ್ ಚಾಟ್ನಿಗೆ ಆ ಕಡ್ಡಿಯನ್ನು ಕತ್ತರಿಸಿ ಹೂ ಬರಿಸುತ್ತಾರೆ. ಎರಡು ಚಾಟ್ನಿ, ಒಂದು ಬೆಳೆ. ಯುರೋಪಿನ ತೋಟಗಾರಿಕೆ ಪುಸ್ತಕ ಹಿಡಿದು ಕೂತಿದ್ದರೆ ಈ ಸೀಮೆಯಲ್ಲಿ ಒಣದ್ರಾಕ್ಷಿಯ ಶೆಡ್ಡುಗಳು ಏಳುತ್ತಲೇ ಇರಲಿಲ್ಲ.

ಡ್ರೆಸ್ಡೆನ್‌ನಿಂದ ಲಾಲ್‌ಬಾಗ್‌ಗೆ

ಹೊಸ ಹವೆಯನ್ನು ಓದಿ ತೋಟ ಮಾಡಿದವರಲ್ಲಿ ನಮ್ಮ ನಾಡು ಕಂಡ ದೊಡ್ಡ ಹೆಸರು ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರದು. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. 1956ರಲ್ಲಿ ತೀರಿಕೊಂಡದ್ದೂ ಬೆಂಗಳೂರಿನಲ್ಲೇ. ಹಿಮ ಬೀಳುವ ನಾಡಿನಲ್ಲಿ ವಿದ್ಯೆ ಕಲಿತವರಿಗೆ ಇಲ್ಲಿ ಸಿಕ್ಕಿದ್ದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ, ಎರಡು ಮಳೆಗಾಲದ ನೀರು ಕುಡಿಯುವ, ಹಿಮವಿಲ್ಲದ ನೆಲ.

ಯುರೋಪಿನ ಉದ್ಯಾನದಲ್ಲಿ ವಸಂತಕ್ಕೊಮ್ಮೆ ಎಲ್ಲವೂ ಒಟ್ಟಿಗೆ ಅರಳುತ್ತದೆ, ಚಳಿಗಾಲಕ್ಕೆ ಎಲ್ಲವೂ ಬೋಳಾಗುತ್ತದೆ. ಬೆಂಗಳೂರಿನಲ್ಲಿ ಒಂದು ಮರ ಮುಗಿಸುವಾಗ ಇನ್ನೊಂದು ಶುರುಮಾಡಬಲ್ಲದು ಎಂಬುದನ್ನು ಕಂಡುಕೊಂಡು, ವರ್ಷವಿಡೀ ಯಾವುದಾದರೊಂದು ಸಾಲುಮರ ಹೂವಿನಲ್ಲಿರುವಂತೆ ನಗರದ ಬೀದಿಗಳನ್ನು ಯೋಜಿಸಿದ ಶ್ರೇಯಸ್ಸು ಕ್ರುಂಬಿಗಲ್ ಅವರಿಗೆ ಸಲ್ಲುತ್ತದೆ. ಜರ್ಮನಿಯ ತೋಟವನ್ನು ಇಲ್ಲಿ ಮರಳಿ ಕಟ್ಟಲು ಹೋಗದೆ, ಜರ್ಮನಿಯಲ್ಲಿ ಸಾಧ್ಯವೇ ಇಲ್ಲದ್ದನ್ನು ಇಲ್ಲಿ ಮಾಡಿದರು.

ಈ ಮರಗಳೂ ವಲಸೆ ಬಂದವೇ. ಗುಲ್‌ಮೊಹರ್ ಮಡಗಾಸ್ಕರ್‌ನದು, ಜಕರಂಡ ದಕ್ಷಿಣ ಅಮೆರಿಕದ್ದು. ದಕ್ಷಿಣ ಗೋಳಾರ್ಧದ ಪ್ರಿಟೋರಿಯಾ ನಗರವನ್ನು ಜಕರಂಡ ನೀಲಿಯಾಗಿಸುವುದು ಅಕ್ಟೋಬರ್‌ನಲ್ಲಿ. ಬೆಂಗಳೂರಿನಲ್ಲಿ ಅದೇ ಮರ ಫೆಬ್ರುವರಿ, ಮಾರ್ಚ್‌ಗೆ ಹೂ ಬಿಡುತ್ತದೆ. ಗುಲ್‌ಮೊಹರ್ ತವರಿನಲ್ಲಿ ವರ್ಷಾಂತ್ಯದ ಹೂವು, ಇಲ್ಲಿ ಏಪ್ರಿಲ್-ಮೇ ತಿಂಗಳದು. ಒಣಗಾಲ ಮುಗಿದು ಮಳೆ ಹತ್ತಿರವಾಗುವ ಹೊತ್ತನ್ನು ಹಿಡಿದು ಮರ ತನ್ನ ಲೆಕ್ಕವನ್ನು ತಿದ್ದಿಕೊಂಡಿದೆ.

ಕ್ರುಂಬಿಗಲ್‌ಗೂ ಮೊದಲು, 1874ರಿಂದ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್ ಬೆಂಗಳೂರಿಗೆ ಸೀಮೆಬದನೆ ತಂದವರೆಂದು ಹೆಸರಾಗಿದ್ದಾರೆ. ಅದರ ತವರೂ ಮೆಕ್ಸಿಕೋ ಕಡೆಯ ಎತ್ತರದ ಸೀಮೆ. ಸಾವಿರಾರು ಮೈಲಿ ದೂರದ ಬೆಂಗಳೂರು ಅದಕ್ಕೆ ಒಗ್ಗಿತು, ಕಾರಣ ಎರಡೂ ಕಡೆ ಎತ್ತರದ ನೆಲ, ಹದವಾದ ತಂಪು. ಕಾಶ್ಮೀರ ಅಷ್ಟು ದೂರವೇನಲ್ಲ. ಆದರೆ ಅಲ್ಲಿನ ಸೇಬಿನ ತಳಿಗಳು ಮೊಗ್ಗೊಡೆಯಲು ಚಳಿಗಾಲದಲ್ಲಿ ಸುಮಾರು 7 ಡಿಗ್ರಿಗಿಂತ ಕೆಳಗೆ ಸಾವಿರದ ಆಸುಪಾಸು ಗಂಟೆ ಕಳೆಯಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಗಿಡ ತರುವಾಗ ನೋಡಬೇಕಾದದ್ದು ಮೈಲಿಗಲ್ಲನ್ನಲ್ಲ, ಎತ್ತರವನ್ನು, ಚಳಿಯನ್ನು, ಮಳೆಯ ತಿಂಗಳುಗಳನ್ನು. ನರ್ಸರಿಯಲ್ಲಿ ಹಣ್ಣು ಹೊತ್ತು ನಿಂತ ಸೇಬಿನ ಗಿಡ ಕಂಡು ಮನಸೋತವರು ಕಡಿಮೆ ಚಳಿ ಸಾಕೆನ್ನುವ ‘ಅನ್ನಾ’ದಂಥ ತಳಿ ಹೌದೇ ಎಂದು ಮೊದಲು ಕೇಳಬೇಕು.

ಅವರೆಗೆ ಗೊತ್ತಿರುವ ಗಡಿಯಾರ

ಸಮುದ್ರ ದಾಟಿದವರಿಗೆ ಇನ್ನೊಂದು ಪಾಠ ಕಾದಿರುತ್ತದೆ. ನ್ಯೂಜೆರ್ಸಿಯ ಕನ್ನಡದ ಮನೆಯೊಂದರ ಹಿತ್ತಿಲಲ್ಲಿ ನಾಟಿ ಅವರೆ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಬಿತ್ತಿದ ಬೀಜ ಬೇಲಿ ಹತ್ತಿ, ಶೆಡ್ಡಿನ ಮಾಡು ಹತ್ತಿ, ಪಕ್ಕದ ಮನೆಯವರು ಇಣುಕಿ ನೋಡುವಷ್ಟು ಸೊಂಪಾಗಿ ಬೆಳೆಯುತ್ತದೆ. ಜುಲೈ ಹೋಗುತ್ತದೆ, ಆಗಸ್ಟ್ ಹೋಗುತ್ತದೆ, ಹೂವಿಲ್ಲ. ಸೆಪ್ಟೆಂಬರ್ ಕೊನೆಗೆ ನಾಲ್ಕು ಗೊಂಚಲು ಕಾಣಿಸಿಕೊಂಡು ಕಾಯಿ ಕಚ್ಚುವ ಹೊತ್ತಿಗೆ ಹಿಮ ಬಿದ್ದು ಬಳ್ಳಿ ಸುಟ್ಟುಹೋಗುತ್ತದೆ. ನೀರು, ಗೊಬ್ಬರ, ಬಿಸಿಲು ಯಾವುದರಲ್ಲೂ ಕೊರತೆಯಿರಲಿಲ್ಲ. ಅವರೆ ಹಗಲಿನ ಉದ್ದವನ್ನು ಅಳೆಯುವ ಗಿಡ, ಹಗಲು ಕುಗ್ಗಿದರೆ ಮಾತ್ರ ಹೂ ಬಿಡುತ್ತದೆ.

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲು ಹದಿಮೂರು ಗಂಟೆಗೂ ತುಸು ಕಡಿಮೆ, ಅತಿ ಗಿಡ್ಡದ್ದು ಹನ್ನೊಂದೂಕಾಲರ ಮೇಲೆ. ನ್ಯೂಜೆರ್ಸಿಯಲ್ಲಿ ಜೂನ್‌ನ ಹಗಲು ಹದಿನೈದು ಗಂಟೆ, ಡಿಸೆಂಬರ್‌ನದು ಒಂಬತ್ತು ಚಿಲ್ಲರೆ. ಅಲ್ಲಿ ಹಗಲು ಹನ್ನೆರಡು ಗಂಟೆಗೆ ಇಳಿಯುವುದೇ ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಹಿಮದ ಹೊಸ್ತಿಲಲ್ಲಿ. ಸಸ್ಯಗಳು ಹಗಲಿನ ಉದ್ದವನ್ನು ಅಳೆಯುತ್ತವೆ ಎಂಬುದನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದ್ದು ಅದೇ ಅಮೆರಿಕದಲ್ಲಿ. ಬೇಸಿಗೆಯಿಡೀ ಎತ್ತರಕ್ಕೆ ಬೆಳೆದೂ ಹೂ ಬಿಡದ ಒಂದು ಹೊಗೆಸೊಪ್ಪಿನ ತಳಿ ಅವರನ್ನು ಆ ದಾರಿಗೆ ಹಚ್ಚಿತ್ತು.

ಪರಿಹಾರವೂ ಬೆಂಗಳೂರಿನಲ್ಲೇ ಇದೆ. ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆಯ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸುವುದಿಲ್ಲ, ಬಿತ್ತಿದ ಎರಡು-ಮೂರು ತಿಂಗಳಲ್ಲಿ ಕಾಯಿಗೆ ಬರುತ್ತವೆ. ನಮ್ಮಲ್ಲೇ ಅವರೆ ಡಿಸೆಂಬರ್-ಜನವರಿಯ ಆಚೆಗೂ ಮಾರುಕಟ್ಟೆಗೆ ಬರುತ್ತಿರುವುದು ಇಂಥ ತಳಿಗಳಿಂದ. ಚಳಿಗಾಲದ ಅವರೆಯ ಸೊಗಡು ಇದಕ್ಕಿಲ್ಲ ಎಂಬ ಗೊಣಗಾಟ ಇದ್ದದ್ದೇ. ಈರುಳ್ಳಿಯ ಕಥೆಯೂ ಇಂಥದ್ದೇ, ದಿಕ್ಕು ಮಾತ್ರ ತಿರುಗಾ ಮುರುಗಾ. ನಮ್ಮ ಈರುಳ್ಳಿ ಗಿಡ್ಡ ಹಗಲಿಗೇ ಗೆಡ್ಡೆ ಕಟ್ಟುವಂಥದ್ದು. ಉತ್ತರದ ವಸಂತದಲ್ಲಿ ನೆಟ್ಟರೆ ಗಿಡ ಬಲಿಯುವ ಮೊದಲೇ ಹಗಲು ಉದ್ದವಾಗಿ ಗೋಲಿಯಷ್ಟು ಗೆಡ್ಡೆಗೆ ಮುಗಿಸಿಬಿಡುತ್ತದೆ. ಅಲ್ಲಿಂದ ಇಲ್ಲಿಗೆ ತಂದ ಬೀಜಕ್ಕೆ ಬೇಕಾದಷ್ಟು ಉದ್ದದ ಹಗಲು ಇಲ್ಲಿ ಯಾವತ್ತೂ ಬರುವುದಿಲ್ಲ, ಬರೀ ಸೊಪ್ಪು ಬೆಳೆಯುತ್ತದೆ.

ಬಸಳೆಗೆ ಇಂಥ ಕಟ್ಟುಪಾಡು ಅಷ್ಟಿಲ್ಲ. ನ್ಯೂಜೆರ್ಸಿಯ ಸೆಕೆಯ ಬೇಸಿಗೆಯಲ್ಲಿ ಅದು ಉಡುಪಿಯ ಚಪ್ಪರವನ್ನು ನಾಚಿಸುತ್ತದೆ. ಬದನೆ, ಮೆಣಸಿನಕಾಯಿಗೆ ಮಾರ್ಚ್‌ನಲ್ಲೇ ಮನೆಯೊಳಗೆ ದೀಪದ ಕೆಳಗೆ ಸಸಿ ಮಾಡಿಕೊಳ್ಳಬೇಕು. ಕರಿಬೇವು ಕುಂಡದಲ್ಲೇ ಇದ್ದು ರಾತ್ರಿಯ ಉಷ್ಣತೆ 10 ಡಿಗ್ರಿಯ ಹತ್ತಿರ ಬಂದೊಡನೆ ಒಳಗೆ ಬರುತ್ತದೆ. ಅಲ್ಲಿ ಎಲೆ ಉದುರಿಸಿ ಕಡ್ಡಿಯಾಗಿ ನಿಂತರೂ ಸತ್ತಿತೆಂದು ಎಸೆಯಬಾರದು. ಊರಿಂದ ಬರುವಾಗ ಪೆಟ್ಟಿಗೆಯಲ್ಲಿ ಕರಿಬೇವಿನ ಗಿಡ ಅಡಗಿಸಿ ತರುವ ಯೋಚನೆಯೂ ಬೇಡ. ಕಿತ್ತಳೆ, ನಿಂಬೆ ತೋಟಗಳನ್ನೇ ಹಾಳುಮಾಡುವ ರೋಗ ಹರಡುವ ಸಣ್ಣ ಕೀಟಕ್ಕೆ ಕರಿಬೇವು ಆಸರೆಯಾದ್ದರಿಂದ ಅಮೆರಿಕದಲ್ಲಿ ಅದಕ್ಕೆ ಬಿಗಿ ನಿರ್ಬಂಧವಿದೆ. ಬೀಜಗಳಿಗೂ ನಿಯಮಗಳಿವೆ. ಆಸ್ಟ್ರೇಲಿಯಾದಲ್ಲಂತೂ ಘೋಷಿಸದ ಒಂದು ಪೊಟ್ಟಣ ಭಾರಿ ದಂಡಕ್ಕೆ ದಾರಿಯಾಗಬಹುದು.

ಬಿಸಿಲು ಬೀಳುವ ದಿಕ್ಕೂ ಬೇರೆ. ಬೆಂಗಳೂರಿನ ನಡುಹಗಲ ಸೂರ್ಯ ಏಪ್ರಿಲ್ 24ರ ಸುಮಾರಿಗೆ ನೆತ್ತಿ ದಾಟಿ ಉತ್ತರಕ್ಕೆ ಹೋಗಿ ಆಗಸ್ಟ್ 18ರ ಸುಮಾರಿಗೆ ಮರಳುತ್ತಾನೆ. ಆ ಎರಡು ದಿನ ಮಧ್ಯಾಹ್ನ ನೆಟ್ಟಗಿನ ಕಂಬಕ್ಕೆ ನೆರಳೇ ಇರುವುದಿಲ್ಲ. ಉತ್ತರದ ಬಾಲ್ಕನಿಗೆ ಬೇಸಿಗೆಯಲ್ಲಿ ಬಿಸಿಲು, ಚಳಿಗಾಲದಲ್ಲಿ ನೆರಳು. ನ್ಯೂಜೆರ್ಸಿಯಲ್ಲಿ ನಡುಹಗಲ ಬಿಸಿಲು ವರ್ಷವಿಡೀ ದಕ್ಷಿಣದಿಂದ, ಮೆಲ್ಬರ್ನ್‌ನಲ್ಲಿ ಉತ್ತರದಿಂದ. ದಕ್ಷಿಣದ ಕಿಟಕಿ ಎಂದರೆ ಬಿಸಿಲಿನ ಕಿಟಕಿ ಎಂದುಕೊಂಡವರು ಆಸ್ಟ್ರೇಲಿಯಾದಲ್ಲಿ ತುಳಸಿಯನ್ನು ಕತ್ತಲಲ್ಲಿ ಇಟ್ಟಿರುತ್ತಾರೆ.

ಪ್ರತಿ ಊರಿಗೂ ಒಂದು ಗುರುತು

ಇಷ್ಟೆಲ್ಲ ಲೆಕ್ಕ ಹಾಕಿಕೊಳ್ಳಲು ವಿಜ್ಞಾನದ ಪುಸ್ತಕವೇ ಬೇಕೆಂದಿಲ್ಲ. ಬಹಳಷ್ಟು ಊರುಗಳು ತಮ್ಮ ಬಿತ್ತನೆಯ ಪಂಚಾಂಗವನ್ನು ಯಾವುದೋ ಹಬ್ಬ, ಜಾತ್ರೆ, ನಕ್ಷತ್ರಕ್ಕೆ ಗಂಟು ಹಾಕಿಟ್ಟಿವೆ. ತುಳುವರಿಗೆ ಪತ್ತನಾಜೆ, ಬಯಲುಸೀಮೆಗೆ ರೋಹಿಣಿ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಟೊಮೆಟೊ ಸಸಿಯನ್ನು ಹೊರಗೆ ನೆಡುವುದು ಮೇ ಎರಡನೆಯ ಭಾನುವಾರದ ತಾಯಂದಿರ ದಿನದ ನಂತರ. ಆ ಹೊತ್ತಿಗೆ ಹಿಮದ ಭಯ ಹೆಚ್ಚುಕಡಿಮೆ ಕಳೆದಿರುತ್ತದೆ. ಮೆಲ್ಬರ್ನ್‌ನವರು ಟೊಮೆಟೊ ನೆಡುವ ಗುರುತು ನವೆಂಬರ್ ಮೊದಲ ಮಂಗಳವಾರದ ಮೆಲ್ಬರ್ನ್ ಕಪ್ ಕುದುರೆ ಪಂದ್ಯ. ನಮ್ಮ ಸಂಕ್ರಾಂತಿಗೆ ಅಲ್ಲಿ ಸುಡುಬೇಸಿಗೆ, ಯುಗಾದಿಗೆ ಎಲೆ ಉದುರುವ ಕಾಲ.

ಕೊಲ್ಲಿ ನಾಡುಗಳ ಪಂಚಾಂಗ ನಮಗೆ ಅಪರಿಚಿತವೆನಿಸಿದರೂ ಅದರ ನಕ್ಷತ್ರ ನಮ್ಮದೂ ಹೌದು. ಆಗಸ್ಟ್ ಕೊನೆಯ ವಾರದ ಬೆಳಗಿನ ಜಾವ ಸುಹೈಲ್ ಎಂಬ ತಾರೆ ಕಾಣಿಸಿಕೊಂಡರೆ ಸುಡುಬೇಸಿಗೆಯ ಬೆನ್ನು ಮುರಿಯಿತೆಂದು ಅರಬರ ಲೆಕ್ಕ. ಮಳೆಗಾಲದ ಕೊನೆಯನ್ನು ಸೂಚಿಸುತ್ತದೆಂದು ನಮ್ಮ ಹಿರಿಯರು ಹೇಳುತ್ತಿದ್ದ ಅಗಸ್ತ್ಯ ನಕ್ಷತ್ರವೇ ಅದು. ದುಬೈ, ಅಬುಧಾಬಿಯ ಬಾಲ್ಕನಿಯಲ್ಲಿ ಹರಿವೆ, ಮೆಂತ್ಯ, ಟೊಮೆಟೊ ಬಿತ್ತುವ ಕಾಲ ಸೆಪ್ಟೆಂಬರ್ ದಾಟಿದ ಮೇಲೆ. ಏಪ್ರಿಲ್‌ವರೆಗೆ ಕೊಯ್ಯಬಹುದು. ಮೇ ತಿಂಗಳಿನಿಂದ ಅದು ಮುಚ್ಚಿದ ಅಂಗಡಿ. ಕರಾವಳಿಯಿಂದ ಹೋದವರು ಆ ನಾಡಿನಲ್ಲಿ ಕಲಿಯುವ ಕಷ್ಟದ ಪಾಠ ಇದು, ಜುಲೈನಲ್ಲಿ ತೋಟಕ್ಕೆ ರಜೆ. ಮಕ್ಕಳ ಶಾಲೆಗೂ ಆಗಲೇ ರಜೆಯಾದ್ದರಿಂದ ಗಿಡಕ್ಕೆ ನೀರು ಹಾಕುವವರಾರು ಎಂಬ ಚಿಂತೆಯಿಲ್ಲದೆ ಊರಿನ ಮಳೆ ನೋಡಲು ಬರಬಹುದು. ನ್ಯೂಜೆರ್ಸಿಯಲ್ಲಿ ಹಿಮ ಮಾಡುವ ಕೆಲಸವನ್ನು ದುಬೈಯಲ್ಲಿ ಬಿಸಿಲು ಮಾಡುತ್ತದೆ.

ಮೊದಲ ವರ್ಷ ಏನು ಮಾಡಬೇಕು?

ಹೊಸ ಮನೆಗೆ ಬಂದ ತಿಂಗಳಲ್ಲೇ ನರ್ಸರಿಗೆ ಓಡುವವರು ದುಡ್ಡು ಕಳೆಯುತ್ತಾರೆ. ಮೊದಲ ವರ್ಷ ನೆಲಕ್ಕೆ ಹಾಕುವುದು ಕಡಿಮೆಯಿರಲಿ, ನೋಡುವುದು ಹೆಚ್ಚಿರಲಿ. ಅಂಗಳದ ಯಾವ ಮೂಲೆಗೆ ಯಾವ ತಿಂಗಳು ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಬಹುದು. ಒಂದು ಮೊಳ ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ ನೋಡಬೇಕು. ಎರಡನೆಯ ಬಾರಿ ತುಂಬಿದ್ದು ಮರುದಿನವೂ ನಿಂತಿದ್ದರೆ ಏರುಮಡಿ ಇಲ್ಲವೆ ಕುಂಡವೇ ಗತಿ. ಗಂಟೆಯೊಳಗೆ ಮಾಯವಾದರೆ ಗೊಬ್ಬರ, ದರಗು ಧಾರಾಳವಾಗಿ ಬೇಕು. ಮಣ್ಣಿನ ಹುಳಿ, ಕ್ಷಾರ ತಿಳಿಯಲು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಮಣ್ಣು ಪರೀಕ್ಷೆ ಮಾಡಿಕೊಡುತ್ತಾರೆ.

ಗಿಡ ಎಲ್ಲಿ ಬೆಳೆದದ್ದು ಎಂದು ಕೇಳುವುದೂ ಮುಖ್ಯ. ಬೆಂಗಳೂರಿನ ನರ್ಸರಿಗಳಿಗೆ ಆಂಧ್ರದ ಕಡಿಯಂನಿಂದ ಲಾರಿಗಟ್ಟಲೆ ಗಿಡ ಬರುತ್ತದೆ. ಗೋದಾವರಿ ತೀರದ ಸೆಕೆಯಲ್ಲಿ, ನೆರಳುಬಲೆಯಡಿ ಕೊಬ್ಬಿದ ಗಿಡವನ್ನು ತಂದ ದಿನವೇ ತಾರಸಿಯ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಎರಡು ವಾರ ಬೆಳಗಿನ ಬಿಸಿಲಲ್ಲಿ ಮಾತ್ರ ಇರಿಸಿ, ಆಮೇಲೆ ದಿನಕ್ಕಿಷ್ಟಿಷ್ಟೇ ಹೊರಗೆಳೆಯಬೇಕು.

ಬಿಟ್ಟುಬಂದ ಊರಿನ ಗಿಡ ಬೇಕೇ ಬೇಕೆನ್ನುವವರು ಅದನ್ನು ಹೊಸ ರೂಪದಲ್ಲಿ ಸಾಕಬಹುದು. ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮರವೆಲ್ಲಿ? ಆದರೆ ಬಳ್ಳಿಯ ಪಕ್ಕದಲ್ಲಿ ಚಾಚುವ, ಕಾಳು ಕಟ್ಟುವ ಕವಲುಗಳಿಂದ ಬೇರು ಬರಿಸಿದರೆ ಅದು ಹಬ್ಬದೆ ಪೊದೆಯಾಗಿಯೇ ನಿಲ್ಲುತ್ತದೆ. ಈ ಪೊದೆ ಮೆಣಸು ಅರೆನೆರಳಿನ ಬಾಲ್ಕನಿಯಲ್ಲಿ ಕುಂಡದಲ್ಲೇ ಕಾಳು ಕೊಡುತ್ತದೆ. ಮಟ್ಟುಗುಳ್ಳ ಬದನೆಯ ಬೀಜ ಬೇರೆ ಊರಲ್ಲಿ ಮೊಳೆಯುತ್ತದೆ, ಕಾಯಿಯೂ ಆಗುತ್ತದೆ. ಆದರೆ ಉಡುಪಿ ಬಳಿಯ ಮಟ್ಟು ಗ್ರಾಮದ ಗದ್ದೆಯಲ್ಲಿ ಬೆಳೆದ ಗುಳ್ಳದ ರುಚಿಯನ್ನು ಆ ಕಾಯಿಯಿಂದ ನಿರೀಕ್ಷಿಸುವಂತಿಲ್ಲ. ಮೈಸೂರಿಗೆ ಹೋದವರು ಈರನಗೆರೆ ಬದನೆಯ ರುಚಿ ನೋಡುವುದು ಜಾಣತನ.

ಎಲ್ಲಕ್ಕಿಂತ ಹೆಚ್ಚು ಕಲಿಯುವುದು ಕಾಂಪೌಂಡಿನ ಆಚೆಯಿಂದ. ಅಲ್ಲಿ ಕೇಳುವ ಪ್ರಶ್ನೆ ಸರಿಯಿರಬೇಕು. ‘ಇಲ್ಲಿ ಬೆಂಡೆ ಬರ್ತದಾ ಅಕ್ಕಾ?’ ಎಂದು ಕೇಳಿದರೆ ‘ಬರ್ತದ್ರಿ’ ಎಂಬ ಉತ್ತರ ಸಿಗುತ್ತದೆ, ಪ್ರಯೋಜನವಿಲ್ಲ. ‘ನೀವು ಯಾವಾಗ ಹಾಕ್ತೀರಿ?’ ಎಂದು ಕೇಳಬೇಕು. ‘ಯುಗಾದಿ ಆದಮ್ಯಾಲೆ ಹಾಕಬ್ಯಾಡ್ರಿ, ಬಿಸಿಲಿಗೆ ಹೂ ಉದರ್ತಾವ. ಒಂದೆರಡು ಮಳಿ ಆಗ್ಲಿ, ಆಮ್ಯಾಲೆ ಹಾಕ್ರಿ’ ಎಂದು ಅವರು ಹೇಳುವ ಒಂದು ಮಾತಿನಲ್ಲಿ ಆ ಓಣಿಯ ಮಣ್ಣು, ಬಿಸಿಲು, ಮಳೆ ಮೂರೂ ಇರುತ್ತದೆ. ವಾರದ ಸಂತೆಯೂ ಇಂಥದ್ದೇ ಶಾಲೆ. ಸುತ್ತಲ ಹಳ್ಳಿಯವರು ಬುಟ್ಟಿಯಲ್ಲಿ ತಂದು ಕೂತು ಮಾರುವ ಸೊಪ್ಪು, ಕಾಯಿ ಯಾವ ತಿಂಗಳು ಯಾವುದೆಂದು ಒಂದು ವರ್ಷ ಬರೆದಿಟ್ಟರೆ ಹೊಸ ಊರಿನ ಪಂಚಾಂಗ ಅರ್ಧ ಸಿದ್ಧ.

ಊರು ಬಿಡದವರಿಗೂ

ಈಚೆಗೆ ಒಂದು ತೊಡಕು ಹೆಚ್ಚಿದೆ. ಆ ಅಕ್ಕನನ್ನೇ ಇನ್ನಷ್ಟು ಕೇಳಿದರೆ ‘ಮೊದಲಿನಂಗ ಇಲ್ರಿ ಈಗ’ ಎನ್ನುತ್ತಾರೆ. ಅವರು ಊರು ಬಿಟ್ಟವರಲ್ಲ, ಊರಿನ ಹವೆಯೇ ಅವರನ್ನು ಬಿಟ್ಟು ಸರಿಯುತ್ತಿದೆ. ಬೆಂಗಳೂರಿನ ಉಷ್ಣತೆ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತು. 2022ರಲ್ಲಿ ನಗರದ ಹಳೆಯ ವಾರ್ಷಿಕ ದಾಖಲೆಗಳನ್ನೆಲ್ಲ ಮುರಿದು ಮಳೆ ಸುರಿಯಿತು, ಮರುವರ್ಷವೇ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಚಳಿಗಾಲದ ಅತಿ ಕನಿಷ್ಠ ಉಷ್ಣತೆಯ ಸರಾಸರಿ ಹಿಡಿದು ದೇಶವನ್ನು 13 ವಲಯಗಳಾಗಿ ವಿಂಗಡಿಸುವ ಅಮೆರಿಕದ ಕೃಷಿ ಇಲಾಖೆ 2023ರ ನವೆಂಬರ್‌ನಲ್ಲಿ ತನ್ನ ನಕ್ಷೆ ಪರಿಷ್ಕರಿಸಿದಾಗ ದೇಶದ ಸುಮಾರು ಅರ್ಧ ಭಾಗ ಅರ್ಧ ವಲಯದಷ್ಟು ಬೆಚ್ಚಗಿನ ಕಡೆಗೆ ಜಾರಿತ್ತು. ಅಲ್ಲಿನವರು ಮನೆಯಲ್ಲೇ ಕೂತಿದ್ದು ಇನ್ನೊಂದು ಹವೆಗೆ ವರ್ಗವಾಗಿದ್ದಾರೆ.

ಹಾಗಾಗಿ ಊರೂರು ಸುತ್ತಿದ ತೋಟಗಾರರ ಅಭ್ಯಾಸಗಳು ಈಗ ಎಲ್ಲರಿಗೂ ಬೇಕು. ಅವರು ಒಂದು ಪೊಟ್ಟಣ ಬೀಜವನ್ನು ಒಂದೇ ದಿನ ಬಿತ್ತುವುದಿಲ್ಲ. ಮೂರು ಪಾಲು ಮಾಡಿ, ಹದಿನೈದು ದಿನಕ್ಕೊಂದು ಪಾಲು ಹಾಕುತ್ತಾರೆ. ಒಂದನ್ನು ಜಡಿಮಳೆ ತಿನ್ನುತ್ತದೆ, ಇನ್ನೊಂದನ್ನು ಬಿಸಿಲು ತಿನ್ನುತ್ತದೆ, ಮೂರನೆಯದು ಸಾರಿಗಾಗುತ್ತದೆ. ಯಾವ ಪಾಲು ಉಳಿಯಿತು, ಯಾವ ತಾರೀಖಿನದು ಎಂದು ಬರೆದಿಟ್ಟುಕೊಳ್ಳುತ್ತಾರೆ. ಮುಂದಿನ ವರ್ಷ ಆ ತಾರೀಖನ್ನೂ ಪೂರ್ತಿ ನಂಬದೆ, ಬೀಜವನ್ನು ಮತ್ತೆ ಮೂರು ಪಾಲು ಮಾಡುತ್ತಾರೆ.